ಮುಂಗಡವಾಗಿ ತಯಾರಾದ ಸಂತಾಪದ ಬಗ್ಗೆ

ಇಂದ:
‘ಕತ್ತರಿ’ ಎಂದು ಮನೆಮಂದಿಯಿಂದ ಕರೆಯಲ್ಪಡುವವಳು,
ತಮ್ಮ ಯಜಮಾನರ ತಮ್ಮನ ಮಗಳು,
ಕೈಯಿಂದ ಶುಭಾಶಯ ಕಾರ್ಡು ತಯಾರಿಸುವವಳು,
ಮೇಲಿನ ಮಹಡಿ.

ಗೆ:
ಮಾನ್ಯ ದೊಡ್ಡಮ್ಮನವರು,
ಮುಂಬಾಗಿಲ ಚಿಲಕ, ಕಿಟಕಿಗಳು ಹಾಗೂ ದೊಡ್ಡಪ್ಪನವರ ಸಂಪೂರ್ಣ ಉಸ್ತುವಾರಿ,
ಕೆಳಗಿನ ಮಹಡಿ.

ಮುಖಾಂತರ: ತಮ್ಮ ಬಾಗಿಲ ಕೆಳಗಿನ ಸಂದು (ಕರೆಗಂಟೆ ಒತ್ತಿದರೆ ಯಾರೂ ತೆಗೆಯದ ಕಾರಣ).

ವಿಷಯ: ಸಂಜೆಯ ಪದ್ಯದ ಓದಿನ ಹೊತ್ತಿನಲ್ಲಿ ಬಾಗಿಲ ಪಕ್ಕದ ಮಣೆಯ ಮೇಲೆ ಕೂರುವ ಹಕ್ಕನ್ನು ಅರ್ಜಿದಾರಳಿಗೆ ಮರಳಿ ದಯಪಾಲಿಸುವ ಕುರಿತು.

ಉಲ್ಲೇಖ:
ಅ) ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೆದುರು ತಾವು ಹೊರಡಿಸಿದ ಮೌಖಿಕ ಆದೇಶ: “ಇನ್ಮೇಲೆ ನನ್ನ ಹೊಸಿಲು ತುಳಿದೆಯೋ, ನೋಡು ಮತ್ತೆ!”
ಆ) ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಮುಖ ತಿರುಗಿಸುವ ಮೂಲಕ ತಾವು ನೀಡುತ್ತಿರುವ, ಅದೇ ಆದೇಶದ ಜ್ಞಾಪನಗಳು.

ಮಾನ್ಯ ದೊಡ್ಡಮ್ಮನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಲೆ ತಗ್ಗಿಸಿ ನಿವೇದಿಸಿಕೊಳ್ಳುವುದೇನೆಂದರೆ:

1. ಹುಟ್ಟುಹಬ್ಬ, ಮದುವೆ, ಹೊಸ ಮನೆ, ನಿವೃತ್ತಿ, ಪರೀಕ್ಷೆಯಲ್ಲಿ ಪಾಸು, ಪರೀಕ್ಷೆಯಲ್ಲಿ ಫೇಲು, ಜಗಳವಾಡಿ ರಾಜಿಯಾದದ್ದು, ಹೀಗೆ ಮನುಷ್ಯರಿಗೆ ಒದಗಬಹುದಾದ ಎಲ್ಲ ಸಂದರ್ಭಗಳಿಗೂ ಅರ್ಜಿದಾರಳು ಕಾರ್ಡು ಮಾಡಿಕೊಡುವವಳೆಂಬುದು ತಮಗೆ ತಿಳಿದ ವಿಷಯ. “ನಮ್ಮ ಕತ್ತರಿಗೆ ಬಾಯಿಲ್ಲ, ಕೈಯೇ ಮಾತಾಡೋದು” ಎಂದು ಬಂದವರ ಮುಂದೆ ತಾವೇ ಹೊಗಳಿದ್ದುಂಟು. ಚಮಚದ ಬೆನ್ನಿನಿಂದ ತೀಡಿ ರಟ್ಟನ್ನು ಮಡಿಸುವುದು, ಒಣಗಿದ ಹೂವನ್ನು ಚಿಮಟದಲ್ಲಿ ಎತ್ತಿ ಅಂಟಿಸುವುದು, ಒಳಗೆ ನಾಲ್ಕು ಸಾಲು ಪದ್ಯ ಬರೆಯುವುದು, ಇಷ್ಟೇ ಅವಳ ವಿದ್ಯೆ. ಆ ನಾಲ್ಕು ಸಾಲಾದರೂ ಎಲ್ಲಿಂದ ಬಂದವು? ಚಿಕ್ಕಂದಿನಿಂದ ತಮ್ಮ ಬಾಗಿಲ ಪಕ್ಕದ ಮಣೆಯ ಮೇಲೆ ಕೂತು, ದೊಡ್ಡಪ್ಪನವರು ಸಂಜೆ ರಾಗವಾಗಿ ಓದುವ ಪದ್ಯಗಳನ್ನು ಕಿವಿಗೆ ತುಂಬಿಕೊಂಡದ್ದರಿಂದ ಬಂದವು. ಬೇರೆಯವರು ಪ್ರಾರ್ಥನೆಗೆ ಹೊರಡುವಂತೆ ಅರ್ಜಿದಾರಳು ಕೈಕಾಲು ತೊಳೆದು ಮೆಟ್ಟಿಲಿಳಿಯುತ್ತಿದ್ದಳು. ನಡುವೆ ಒಂದು ದಿನವೂ ಬಾಯಿ ಹಾಕಿದವಳಲ್ಲ, ಆಕಳಿಸಿದವಳಲ್ಲ. ಆದ್ದರಿಂದ ಸದರಿ ಮಣೆಯನ್ನು ಬರೀ ಮರದ ತುಂಡೆಂದು ಪರಿಗಣಿಸಲಾಗದು.

2. ಈ ಕಸುಬಿನ ಒಂದು ಕಷ್ಟವನ್ನು ಇಲ್ಲಿ ಅರಿಕೆ ಮಾಡಿಕೊಳ್ಳಬೇಕಿದೆ. ಹಸಿ ಹೂವನ್ನು ಕಾರ್ಡಿಗೆ ಅಂಟಿಸಿದರೆ ಮರುದಿನಕ್ಕೇ ಕಪ್ಪಾಗುತ್ತದೆ. ಅದನ್ನು ಭಾರದ ಕೆಳಗಿಟ್ಟು, ನೀರೆಲ್ಲ ಆರಿಸಿ, ಎಸಳು ಹಾಳೆಯಷ್ಟು ತೆಳ್ಳಗಾದ ಮೇಲೆಯೇ ಬಳಸಬೇಕು. ಮದುವೆಯವರು ಮುಂಚಿತವಾಗಿ ತಿಳಿಸುತ್ತಾರೆ, ಹುಟ್ಟುಹಬ್ಬ ತಾನಾಗಿ ವರ್ಷಕ್ಕೊಮ್ಮೆ ಬರುತ್ತದೆ. ಸಾವು ಮಾತ್ರ ಹೇಳಿ ಬರುವುದಿಲ್ಲ. ಹೂವೋ, ಮೊದಲೇ ಹೇಳದೆ ಒಣಗುವುದಿಲ್ಲ. ಕಾರಣ, ಸಂತಾಪದ ಕಾರ್ಡನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಕಸುಬಿನ ಅನಿವಾರ್ಯತೆಯೇ ಹೊರತು ಅರ್ಜಿದಾರಳ ಕೆಟ್ಟ ಬುದ್ಧಿಯಲ್ಲ.

3. ದೊಡ್ಡಪ್ಪನವರ ಎದೆ ಕಟ್ಟಿ, ಅವರನ್ನು ಆಸ್ಪತ್ರೆಗೆ ಸೇರಿಸಿದ ದಿನ ವೈದ್ಯರು ಕನ್ನಡಕ ಒರೆಸುತ್ತ, “ಹೇಳಬೇಕಾದವರಿಗೆಲ್ಲ ಒಂದು ಮಾತು ಹೇಳಿಟ್ಟಿರಿ” ಎಂದರು. ಆಗ ಓಣಿಯಂಥ ಆ ಮೊಗಸಾಲೆಯ ಬೆಂಚಿನ ಮೇಲೆ ಕೂತು ತಾವು ಅರ್ಜಿದಾರಳಿಗೆ ಹೇಳಿದ ಮಾತನ್ನು ಯಥಾವತ್ತಾಗಿ ಇಲ್ಲಿ ಸಲ್ಲಿಸಲಾಗಿದೆ: “ಮನೆ ತುಂಬ ಇದ್ದ ದನಿ ಮಲಗಿಬಿಡ್ತಲ್ಲೇ, ಕತ್ತರಿ. ಇಷ್ಟು ವರ್ಷ ‘ಸ್ವಲ್ಪ ಮೆಲ್ಲಗೆ ಓದ್ರೀ, ಹಾಲು ಉಕ್ಕೋದೂ ಕೇಳಿಸಲ್ಲ’ ಅಂತ ಬೈತಾ ಬಂದೆ. ಇನ್ನು ನೋಡು, ಹಾಲು ಉಕ್ಕೋದೊಂದೇ ಕೇಳಿಸ್ತದೆ.”

ಬಾಯಿಲ್ಲದವಳು ಮನೆಗೆ ಬಂದು ರಟ್ಟು ಕತ್ತರಿಸಿದಳು. ಒಂದು ‘ಬೇಗ ಗುಣವಾಗಿ’ ಕಾರ್ಡು, ದೊಡ್ಡಪ್ಪನವರಿಗೆ. ಇನ್ನೊಂದು, ತಮಗೆ.

4. ಎರಡನೆಯದನ್ನು ಯಾಕೆ ಮಾಡಿದೆ ಎಂಬುದೇ ಆಪಾದನೆಯ ಮೂಲವಾದ್ದರಿಂದ, ಅದಕ್ಕೆ ಸಮಜಾಯಿಷಿ ಹೀಗಿದೆ. ಕೊಡೆ ಹಿಡಿದು ಹೊರಟ ದಿನ ಮಳೆ ಬರುವುದಿಲ್ಲ; ಇದು ತಮ್ಮದೇ ಮಾತು. ಅರ್ಜಿದಾರಳ ಅನುಭವದಲ್ಲಿ ಸಂತಾಪದ ಕಾರ್ಡೂ ಹಾಗೆಯೇ. ಪೂರ್ವ ನಿದರ್ಶನ: ಎದುರು ಬೀದಿಯ ದರ್ಜಿಗೆ ಜ್ವರ ನೆತ್ತಿಗೇರಿ ಎಲ್ಲರೂ ಕೈಬಿಟ್ಟಾಗ ಅವನ ಹೆಂಡತಿಗೆಂದು ನೀಲಿ ಹೂವಿನ ಕಾರ್ಡೊಂದು ತಯಾರಾಗಿತ್ತು. ಆ ಕಾರ್ಡು ಇವತ್ತಿಗೂ ಡಬ್ಬಿಯಲ್ಲಿದೆ, ದರ್ಜಿ ಇವತ್ತಿಗೂ ಎಲ್ಲರ ತೋಳನ್ನು ಗಿಡ್ಡ ಹೊಲಿಯುತ್ತಿದ್ದಾನೆ. ಅದಕ್ಕೆ ವ್ಯತಿರಿಕ್ತವಾಗಿ, ಅರ್ಜಿದಾರಳಿಗೆ ಕಾಗದ ಮಡಿಸುವುದನ್ನು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಕಾಯಿಲೆಯಿಂದ ಮಲಗಿದಾಗ ಅವಳು ಧೈರ್ಯವಾಗಿ ಬರೀ ‘ಬೇಗ ಗುಣವಾಗಿ’ ಕಾರ್ಡು ಮಾಡಿದಳು. ಕೊಡೆ ಒಯ್ಯಲಿಲ್ಲ. ಮಳೆ ಬಂತು.

ಆದ್ದರಿಂದ ದೊಡ್ಡಪ್ಪನವರ ವಿಷಯದಲ್ಲಿ ಅಂಥ ಅಪಾಯಕ್ಕೆ ಕೈಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಎಸಳಿಗೆ ಅಂಟು ಸವರುತ್ತ, ‘ದೇವರೇ, ಇದು ಡಬ್ಬಿಯಲ್ಲೇ ಹಳದಿಯಾಗಲಿ’ ಎಂದು ಅವಳು ಬೇಡಿಕೊಂಡದ್ದಕ್ಕೆ ಸಾಕ್ಷಿಗಳಿಲ್ಲ, ದೇವರನ್ನು ವಿಚಾರಿಸಬಹುದು.

5. ಕಾರ್ಡಿನೊಳಗಿನ ಪದ್ಯವು ಈಗಾಗಲೇ ಬಹಿರಂಗವಾಗಿರುವುದರಿಂದ ಕಡತಕ್ಕಾಗಿ ಇಲ್ಲಿ ನಮೂದಿಸಲಾಗಿದೆ:

ಮನೆಯ ತುಂಬಿದ ದನಿಯು ಮಲಗಿತು
ಕೊನೆಯ ಸಾಲಿನ ಕೊನೆಯ ಪದದಲಿ
ನೆನೆದು ಕೂತಿದೆ ಹೊಸಿಲ ಕಿವಿಯು
ದನಿಯೆ ಬಾರದ ದಾರಿ ನೋಡುತ

ಮೊದಲ ಸಾಲು ತಮ್ಮ ಬಾಯಿಂದಲೇ ಬಂದದ್ದೆಂಬುದನ್ನು ಮೂರನೇ ಅಂಶದೊಂದಿಗೆ ಹೋಲಿಸಿ ನೋಡಬಹುದು. ಕಾರಣ, ಅಪರಾಧವೇ ಆಗಿದ್ದರೆ ತಾವು ಸಹ-ಕವಿ.

6. ಇನ್ನು, ಡಬ್ಬಿ ಸೇರಬೇಕಾದ ಕಾರ್ಡು ಆಸ್ಪತ್ರೆ ಸೇರಿದ ಬಗೆ. ದೊಡ್ಡಪ್ಪನವರ ದಪ್ಪ ಪದ್ಯದ ಪುಸ್ತಕ, ಅವರು ಆಸ್ಪತ್ರೆಗೆ ಹೊರಡುವಾಗ ಧೂಳು ಹಿಡಿಯದಿರಲೆಂದು ಅರ್ಜಿದಾರಳ ವಶಕ್ಕೆ ಕೊಟ್ಟದ್ದು, ಅವಳ ಮೇಜಿನ ಮೇಲಿತ್ತು. ಅಂಟಿಸಿದ ಕಾರ್ಡು ಸೊಟ್ಟಗಾಗದೆ ಒಣಗಲು ಭಾರ ಬೇಕು. ಎರಡೂ ಮನೆಗಳಲ್ಲಿ ಅದಕ್ಕಿಂತ ಭಾರದ ಪುಸ್ತಕವಿಲ್ಲ. ಕಾರ್ಡನ್ನು ಪುಸ್ತಕದೊಳಗಿಟ್ಟು, ಪುಸ್ತಕದ ಮೇಲೆ ಇಸ್ತ್ರಿಪೆಟ್ಟಿಗೆ ಹೇರಲಾಗಿತ್ತು. ಅತ್ತ ದೊಡ್ಡಪ್ಪನವರು ದೇವರ ದಯದಿಂದ ಕಣ್ಣು ಬಿಟ್ಟು, ಮೊದಲು ನೀರು, ಆಮೇಲೆ ಪುಸ್ತಕ ಕೇಳಿದರು. ಅರ್ಜಿದಾರಳು ಹೊರಗೆ ಹೋಗಿದ್ದ ವೇಳೆ ತಾವು ಇನ್ನೊಂದು ಬೀಗದ ಕೈ ಬಳಸಿ, ಸ್ವಹಸ್ತದಿಂದ ಇಸ್ತ್ರಿಪೆಟ್ಟಿಗೆ ಇಳಿಸಿ, ಪುಸ್ತಕವನ್ನು ಕೊಂಡೊಯ್ದಿರಿ. ಸಾಕ್ಷ್ಯವನ್ನು ಸ್ಥಳಕ್ಕೆ ತಂದವರು ಯಾರೆಂಬುದನ್ನು ಅರ್ಜಿದಾರಳು ಸಂಬಂಧದ ಗೌರವಾರ್ಥ ಒತ್ತಿ ಹೇಳುವುದಿಲ್ಲ.

7. ದೊಡ್ಡಪ್ಪನವರ ಅಭ್ಯಾಸ ತಮಗೆ ಗೊತ್ತೇ ಇದೆ. ಅವರಿಗೆ ರಾಗ ಮೊದಲು, ಅರ್ಥ ಆಮೇಲೆ. ಸಾಬೂನಿನ ಹೊದಿಕೆಯ ಮೇಲೆ ಪ್ರಾಸ ಕಂಡರೂ ದನಿ ಎತ್ತುವವರು. ವಾರ್ಡಿನವರು ಆಮೇಲೆ ನೀಡಿದ ಹೇಳಿಕೆಯಂತೆ, ಪುಸ್ತಕ ತೆರೆದರು, ಕಾರ್ಡು ಸಿಕ್ಕಿತು, ನಾಲ್ಕು ಸಾಲು ಕಂಡವು. ಗಂಟಲು ಸರಿಮಾಡಿಕೊಂಡು, ಆ ತೆಳ್ಳಗಿನ ದನಿಯಲ್ಲೇ ಇಡೀ ವಾರ್ಡಿಗೆ ಕೇಳುವಂತೆ ರಾಗವಾಗಿ ಓದಿದರು. ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಪಕ್ಕದ ಮಂಚದ ಬಡಗಿ, “ಆಹಾ, ಕೊನೇ ಸಾಲು ಇನ್ನೊಂದ್ಸಲ ಆಗ್ಲಿ ಯಜಮಾನ್ರೇ!” ಎಂದ. ಇನ್ನೊಂದು ಸಲವೂ ಆಯಿತು.

“ಎಂಥಾ ಪದ್ಯ! ಎದೆಗೇ ತಟ್ಟಿತು ನೋಡು,” ಎಂದು ದೊಡ್ಡಪ್ಪನವರು ಕಣ್ಣೊರೆಸಿಕೊಂಡರು. “ಪಾಪ, ಯಾರೇ ಹೋಗಿದ್ದು?”

“ನೀವೇ ಕಣ್ರೀ!” ಎಂದಿರಿ ತಾವು.

ದೊಡ್ಡಪ್ಪನವರು ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲಿ. ಬೆರಳು ಮಡಿಸಿ ಎಣಿಸಿದರು. “ಮೂರನೇ ಸಾಲಲ್ಲಿ ಒಂದು ಮಾತ್ರೆ ಕಮ್ಮಿ,” ಎಂದರು.

ಅಷ್ಟರಲ್ಲಿ ನರ್ಸಮ್ಮ ತಟ್ಟೆ ಹಿಡಿದು ಓಡಿ ಬಂದು, “ಯಾರ್ರೀ ಕಮ್ಮಿ ಅಂದಿದ್ದು? ಬೆಳಗ್ಗೆ ಎಲ್ಲಾ ಮಾತ್ರೆ ನಾನೇ ನುಂಗಿಸಿದೀನಿ!” ಎಂದರು.

ವಾರ್ಡೆಲ್ಲ ನಕ್ಕಿತು. ತಾವು ನಗಲಿಲ್ಲ. ಸರಿಯಾಗಿ ಅದೇ ಗಳಿಗೆಗೆ, ‘ಬೇಗ ಗುಣವಾಗಿ’ ಕಾರ್ಡು ಹಿಡಿದು ಅರ್ಜಿದಾರಳು ಒಳಗೆ ಕಾಲಿಟ್ಟಳು.

“ಬಾಮ್ಮ ಬಾ! ಅವರಿನ್ನೂ ಉಸಿರಾಡ್ತಾ ಇದಾರೆ, ನೀನು ಆಗಲೇ ಅಂಟು ಹಚ್ಚಿ, ಒಣಗಿಸಿ, ಇಸ್ತ್ರಿಪೆಟ್ಟಿಗೆ ಹೇರಿಬಿಟ್ಟಿದೀಯ! ನಾನು ದೇವರಿಗೆ ಕೈ ಮುಗೀತಾ ಕೂತಿದ್ರೆ, ನೀನು ಮೇಲ್ಗಡೆ ಹೂ ಆರಿಸ್ತಾ ಕೂತಿದ್ದೆಯಾ?” ಎಂದು ಕೇಳಿದ ತಾವು, ಉಲ್ಲೇಖ (ಅ)ರ ಆದೇಶ ಹೊರಡಿಸಿದಿರಿ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಿರಿ. ವೈದ್ಯರು ಕನ್ನಡಕ ಒರೆಸಿದ ದಿನವೂ ತಾವು ಅತ್ತಿರಲಿಲ್ಲ. ಕಾರಣ, ಅರ್ಜಿದಾರಳಿಗೆ ತಮ್ಮ ಸಿಟ್ಟಿನ ಮೇಲೆ ತಕರಾರಿಲ್ಲ. ಅಷ್ಟೂ ದಿನ ಹೊರಬರದಿದ್ದ ಹೆದರಿಕೆ ಎಲ್ಲಾದರೂ ಹೊರಬರಲೇಬೇಕಿತ್ತು; ಅದಕ್ಕೆ ಅವಳ ಕಾರ್ಡು ಬಾಗಿಲಾಯಿತು.

8. ದೊಡ್ಡಪ್ಪನವರು ಮನೆಗೆ ಬಂದಿದ್ದಾರೆ. ಸಂಜೆಯ ಓದು ಮತ್ತೆ ಶುರುವಾಗಿದೆ. ಆದರೆ ತಾವು ಬಾಗಿಲನ್ನೂ ಕಿಟಕಿಯನ್ನೂ ಹಾಕುತ್ತಿರುವುದರಿಂದ ಮೇಲಿನ ಮಹಡಿಗೆ ರಾಗವೊಂದೇ ಏರಿ ಬರುತ್ತದೆ, ಮಾತು ಕೆಳಗೇ ಉಳಿಯುತ್ತದೆ. ಅರ್ಜಿದಾರಳು ನೆಲಕ್ಕೆ ಚಾಪೆ ಹಾಸಿ ಕಿವಿಯಿಟ್ಟು ಮಲಗಿ ನೋಡಿದ್ದಾಳೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆಯಲ್ಲಿ ಊಟ ಮುಗಿಸಿದಂತಾಯಿತು. ಇದರ ಪರಿಣಾಮ ಕೆಲಸದ ಮೇಲೂ ಆಗಿದೆ. ಮೊನ್ನೆ ಒಂದು ಮದುವೆಯ ಕಾರ್ಡಿಗೆ ಪದ್ಯ ಹೊಳೆಯದೆ, “ಇಬ್ಬರೂ ಆರೋಗ್ಯ ನೋಡಿಕೊಳ್ಳಿ” ಎಂದಷ್ಟೇ ಬರೆದುಕೊಡಲಾಯಿತು. ಹುಡುಗಿಯ ಕಡೆಯವರು ಬೇಸರಪಟ್ಟಿದ್ದಾರೆ.

9. ನಿನ್ನೆ ತಾವು ತರಕಾರಿಗೆ ಹೋಗಿದ್ದ ವೇಳೆ, ದೊಡ್ಡಪ್ಪನವರು ಕಿಟಕಿ ತೆರೆದು ಮೇಲಕ್ಕೆ ಕತ್ತೆತ್ತಿ ಅರ್ಜಿದಾರಳೊಂದಿಗೆ ಈ ಕೆಳಗಿನ ಸಂಭಾಷಣೆ ನಡೆಸಿದರು. ಇದನ್ನು ಮುಚ್ಚಿಡುವುದು ಅರ್ಜಿದಾರಳಿಗೆ ಶೋಭಿಸದು.

“ಏ ಕತ್ತರಿ! ಮೂರನೇ ಸಾಲು ತಿದ್ದಿದೆಯಾ?”

“ಕಾರ್ಡು ನನ್ನ ಹತ್ರ ಎಲ್ಲಿದೆ, ದೊಡ್ಡಪ್ಪ? ದೊಡ್ಡಮ್ಮ ಹರಿದು ಹಾಕ್ತೀನಿ ಅಂದಿದ್ರು.”

“ಹರಿಯೋದಾ? ಎಸಳು ಉದುರುತ್ತೆ ಅಂತ ಮೇಲೊಂದು ತೆಳು ಹಾಳೆ ಸುತ್ತಿ, ತನ್ನ ಬಟ್ಟೆಗಳ ಮಧ್ಯೆ ಇಟ್ಕೊಂಡಿದಾಳೆ. ನಾನು ನೋಡಿಲ್ಲ ಅಂದ್ಕೊಂಡಿದಾಳೆ.”

“ನೀವೇ ಒಂದು ಅಕ್ಷರ ಸೇರಿಸಿಬಿಡಿ, ದೊಡ್ಡಪ್ಪ.”

“ಛೆ! ಇನ್ನೊಬ್ಬರ ಪದ್ಯಕ್ಕೆ ಕೈ ಹಾಕೋನಲ್ಲ ನಾನು. ಬರೆದವಳೇ ತಿದ್ದಬೇಕು. ಒಂದು ಮಾತು ಮಾತ್ರ ಕೇಳಿಸ್ಕೋ. ಅಳತೆ ತಪ್ಪಿದ ಪದ್ಯ ಇಟ್ಕೊಂಡು ನಾನಂತೂ ಎಲ್ಲಿಗೂ ಹೊರಡೋದಿಲ್ಲ. ಆ ಸಾಲು ಸರಿಯಾಗೋ ತನಕ ಇಲ್ಲೇ ಕೂತಿರ್ತೀನಿ. ಯಾವನು ಬಂದು ಕರೆದರೂ ಅಷ್ಟೇ!”

ಅಷ್ಟರಲ್ಲಿ ತಮ್ಮ ಚಪ್ಪಲಿಯ ಸದ್ದಾದ ಕಾರಣ ಸಂಭಾಷಣೆ ಮೊಟಕುಗೊಂಡಿತು.

10. ಸದರಿ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಅಕ್ಷರ ಕೂಡಿದರೆ ಅಳತೆ ತುಂಬುತ್ತದೆಂಬುದು ಅರ್ಜಿದಾರಳಿಗೆ ತಿಳಿಯದ್ದೇನಲ್ಲ. ಅಷ್ಟು ವರ್ಷ ಮಣೆಯ ಮೇಲೆ ಕೂತದ್ದು ದಂಡಕ್ಕಲ್ಲ. ಆದರೆ ಒಂಬತ್ತನೇ ಅಂಶದಲ್ಲಿನ ದೊಡ್ಡಪ್ಪನವರ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಿದ ಮೇಲೆ, ಅವಳು ಒಂದು ತೀರ್ಮಾನಕ್ಕೆ ಬಂದಿದ್ದಾಳೆ.

ಆದ್ದರಿಂದ ಮಾನ್ಯರು ಮೇಲ್ಕಂಡ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಗಣಿಸಿ, ಉಲ್ಲೇಖಿತ ಆದೇಶವನ್ನು ಹಿಂಪಡೆದು, ಅರ್ಜಿದಾರಳಿಗೆ ಸಂಜೆಯ ಹೊತ್ತು ಬಾಗಿಲ ಪಕ್ಕದ ಮಣೆಯನ್ನು ಮರುಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಸಂತಾಪದ ಕಾರ್ಡನ್ನು ಈಗಿರುವಂತೆಯೇ ತಮ್ಮ ಬಟ್ಟೆಗಳ ನಡುವೆ ಭದ್ರವಾಗಿ ಇಟ್ಟಿರತಕ್ಕದ್ದು. ಅದು ಅಲ್ಲೇ ಹಳದಿಯಾಗಲಿ. ಮಂಜೂರಾತಿಗೆ ಪ್ರತಿಯಾಗಿ ಅರ್ಜಿದಾರಳು ಬರೆದುಕೊಡುವ ಮುಚ್ಚಳಿಕೆ ಏನೆಂದರೆ: ದೊಡ್ಡಪ್ಪನವರು ದಿನಾ ಕೇಳಿದರೂ, ಬೈದರೂ, ಬೆರಳು ಮಡಿಸಿ ಎಣಿಸಿ ತೋರಿಸಿದರೂ, “ನಾಳೆ ತಿದ್ದುತ್ತೇನೆ ದೊಡ್ಡಪ್ಪ” ಎಂದಷ್ಟೇ ಉತ್ತರಿಸಿ, ಸದರಿ ಮೂರನೇ ಸಾಲನ್ನು ಅವಳು ಎಂದೆಂದಿಗೂ ತಿದ್ದತಕ್ಕದ್ದಲ್ಲ.

ತಮ್ಮ ವಿಶ್ವಾಸಿಯೂ, ತಮ್ಮ ಯಜಮಾನರ ಹಳೆಯ ಶ್ರೋತೃವೂ ಆದ,
ಕತ್ತರಿ

ಅಡಕಗಳು:
ಅ) ‘ಬೇಗ ಗುಣವಾಗಿ’ ಕಾರ್ಡು, ಒಂದು (ಆಸ್ಪತ್ರೆಯಲ್ಲಿ ಕೊಡಲು ಅವಕಾಶವಾಗದೆ ಉಳಿದದ್ದು, ದೊಡ್ಡಪ್ಪನವರು ಗುಣವಾಗಿರುವುದರಿಂದ ಮೇಲಿನ ಎರಡು ಪದಗಳನ್ನು ಲೆಕ್ಕಿಸಬೇಕಾಗಿಲ್ಲ).
ಆ) ದೊಡ್ಡಪ್ಪನವರ ಶಿಫಾರಸು, ಔಷಧಿ ಚೀಟಿಯ ಹಿಂಬದಿ, ಕಿಟಕಿಯಿಂದ ದಾರ ಕಟ್ಟಿ ಮೇಲೆಳೆದುಕೊಂಡದ್ದು: “ಅವಳನ್ನು ಒಳಗೆ ಬಿಡು. ಅವಳಿಲ್ಲದ ಮೇಲೆ, ಬಡಗಿಯ ಹೊರತು ಯಾರೂ ಸರಿಯಾಗಿ ಕೇಳಲಿಲ್ಲ.”
ಇ) ಖಾಲಿ ಕಾರ್ಡು, ಒಂದು. ಮಂಜೂರಾತಿಯನ್ನು ತಾವು ಬರೆಯಲು. ಬರೆಯಲು ಮನಸ್ಸಿಲ್ಲದಿದ್ದರೆ ಸಂಜೆ ಬಾಗಿಲನ್ನು ಸ್ವಲ್ಪ ಓರೆ ಮಾಡಿಟ್ಟರೂ ಆದೇಶವೆಂದೇ ಭಾವಿಸಲಾಗುವುದು.

ವಿಶೇಷ ಸೂಚನೆ: ಇನ್ನೊಬ್ಬರ ಪದ್ಯಕ್ಕೆ ಕೈ ಹಾಕುವುದಿಲ್ಲವೆಂದು ದೊಡ್ಡಪ್ಪನವರು ಹೇಳಿದ್ದರೂ, ಓದುವವರ ಮನಸ್ಸು ಚಂಚಲ. ಕಾರಣ, ಮನೆಯಲ್ಲಿರುವ ಎಲ್ಲ ಪೆನ್ಸಿಲುಗಳನ್ನು ಈ ಕೂಡಲೇ ಅವರ ಕೈಗೆಟುಕದಂತೆ ಎತ್ತಿಡಬೇಕಾಗಿ ವಿನಂತಿ.