ಅತ್ತೆಯ ಗಾಜಿನ ಕೊಳವೆ ಮತ್ತು ನನ್ನ ಇಪ್ಪತ್ತೊಂದು ಸುತ್ತು

ನಮ್ಮ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಮನುಷ್ಯರನ್ನು ನಂಬುವುದಿಲ್ಲ. ಅವರ ಮೂತ್ರವನ್ನು ಮಾತ್ರ ನಂಬುತ್ತಾರೆ! ಆಸ್ಪತ್ರೆಯ ಲ್ಯಾಬಿನಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದವರು. ತಮಿಳುನಾಡಿನ ಕಂಬಂ ಊರಿನ ಅವರ ಅಡುಗೆಮನೆಯಲ್ಲಿ ಸಾರಿನ ಪುಡಿಯ ಡಬ್ಬಿಯ ಪಕ್ಕದಲ್ಲೇ ಸ್ಪಿರಿಟ್ ದೀಪ, ಗಾಜಿನ ಕೊಳವೆಗಳು. ಅಲ್ಲಿ ಸಾರು ಕುಡಿಯುವವರಿಗೆ ಎದೆಗಾರಿಕೆ ಬೇಕು.

ನನಗೆ ಹೆಣ್ಣು ನೋಡಲು ಹತ್ತಿರದ ಬೋಡಿ ಪೇಟೆಗೆ ಹೋದಾಗ ಅವರ ಕಡೆಯವರು ಜಾತಕ ತಂದಿಟ್ಟರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, “ಇದಿರ್ಲಿ, ನಿಮ್ ಹುಡ್ಗಿ ಪಾಪ್ಪಾಗೆ ಯೂರಿನ್ ನೋಡ್ಸೀರಾ?” ಎಂದರು. ಮದುವೆ ಹೇಗೋ ಆಯಿತು. ಆದರೆ ನನ್ನ ಹೆಂಡತಿ ಇವತ್ತಿಗೂ ಅತ್ತೆಯ ಮನೆಗೆ ಹೊರಡುವ ಮೊದಲು ಬಚ್ಚಲಿಗೆ ಹೋಗಿಬರುತ್ತಾಳೆ. ಅಲ್ಲಿ ಸಿಕ್ಕಿಬೀಳಬಾರದಲ್ಲ!

ನಾನೋ, ಮಗಳು ಎರಡು ಸಲ ಸೀನಿದರೆ ಮಧುರೈ ದೊಡ್ಡಾಸ್ಪತ್ರೆಗೆ ಬಸ್ಸಿನ ಸಮಯ ವಿಚಾರಿಸುವ ಜಾತಿ. ಅಂಥವನ ಹನ್ನೆರಡರ ಮಗಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಆಟ ಮುಗಿದ ಮೇಲೆ ಆರೋಗ್ಯ ತಪಾಸಣೆ ಮಾಡಿದರು. ಮೂತ್ರದಲ್ಲಿ ಪ್ರೋಟೀನ್, ಎರಡು ಪ್ಲಸ್. ಓದಿನಲ್ಲಿ ಒಂದು ಪ್ಲಸ್ಸನ್ನೂ ಕಾಣದ ವಂಶ ನಮ್ಮದು, ಇದರಲ್ಲಿ ಎರಡು!

ತೇನಿಯ ಮಕ್ಕಳ ಡಾಕ್ಟರು ಶಾಂತವಾಗಿ ಹೇಳಿದರು: ಕೆಲವು ಮಕ್ಕಳಿಗೆ ನಿಂತು ಓಡಾಡುವಾಗ ಮಾತ್ರ ಪ್ರೋಟೀನ್ ಸೋರುತ್ತದೆ, ಅದು ನಿರಪಾಯ. ರಾತ್ರಿ ಮೂತ್ರ ಮಾಡಿಸಿ ಮಲಗಿಸಿ, ಬೆಳಗ್ಗೆ ಎದ್ದ ಕೂಡಲೇ ಹಿಡಿದು ತನ್ನಿ. ಅದು ಶುದ್ಧವಾಗಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಮೂತ್ರಪಿಂಡವನ್ನೇ ನೋಡಬೇಕು.

ನನ್ನ ಕಿವಿಗೆ ಬಿದ್ದದ್ದು ‘ಮೂತ್ರಪಿಂಡ’ ಒಂದೇ. ಬೆಳಗ್ಗೆ ಮಗಳನ್ನೆಬ್ಬಿಸಿ ನೇರವಾಗಿ ಕುಲದೇವರ ಗುಡಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಚೆನ್ನಾಗಿ ಬರಲೆಂದು ಇಪ್ಪತ್ತೊಂದು ಸುತ್ತಿನ ಹರಕೆ. ಹತ್ತನೆಯ ಸುತ್ತಿಗೆ ಮಗಳು, “ಅಪ್ಪಾ, ಅರ್ಜೆಂಟು!” ಎಂದಳು.

“ತಡ್ಕೋ ನನ್ ಕಣ್ಣು, ಸಾಮಿ ಮೊದ್ಲು.”

ಮನೆಗೆ ಬಂದು ಬಾಟಲಿ ತುಂಬಿಸಿದೆವು. ಬೆಳಗಿನ ಮೊದಲ ಮೂತ್ರ ತಾನೆ? ಲ್ಯಾಬು ಬಾಗಿಲು ತೆರೆಯುವ ತನಕ ತಡೆಯಲಾರದೆ ಅತ್ತೆಯ ಬಳಿಗೆ ಓಡಿದೆ. ಅವರು ಕೊಳವೆಯನ್ನು ಓರೆ ಹಿಡಿದು ಕಾಯಿಸಿದರು. ಮೇಲ್ಭಾಗ ಮಜ್ಜಿಗೆಯಂತೆ ಬೆಳ್ಳಗಾಯಿತು. ಒಂದು ಹನಿ ವಿನಿಗರ್ ಹಾಕಿದರು, ಬಿಳುಪು ಕರಗಲಿಲ್ಲ. ಕರಗದಿದ್ದರೆ ಅದು ಪ್ರೋಟೀನೇ. ನಾನು ಮಧುರೈ ಬಸ್ಸು ಎಷ್ಟು ಗಂಟೆಗೆ ಎಂದೆ.

“ಏನ್ಲಾ, ಎದ್ದೇಟ್ಗೆ ಹಿಡಿದದ್ದು ತಾನೇ?”

ನಾನು ಭಕ್ತಿಯಿಂದ ಹರಕೆಯ ವಿಷಯ ಹೇಳಿದೆ. ಅತ್ತೆ ಕೊಳವೆಯನ್ನು ನನ್ನ ಮುಖದ ಮುಂದೆ ಆಡಿಸಿದರು. “ಲೇ ಪೈತ್ಯಗಾರಾ! ಮಲಗೆದ್ದ ಯೂರಿನ್ ತಾ ಅಂದ್ರೆ ಸಾಮಿ ಸುತ್ತಿದ್ ಯೂರಿನ್ ತಂದವ್ನಲ್ಲೋ! ಗುಡೀಲಿ ಅಷ್ಟೊತ್ತು ನಡ್ಸಿದ್ರೆ ಪ್ರೋಟೀನ್ ಇಳೀದೆ ಇರ್ತದಾ?”

ಅಂದು ಸಂಜೆ ಅತ್ತೆ ದಿಂಬು, ದೀಪ, ಕೊಳವೆ ಹೊತ್ತು ನಮ್ಮ ಮನೆಗೆ ಬಂದವರೇ ಮಗಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿದರು. “ಯಾಕತ್ತೆ, ಮಗು ಕಾಯೋಕಾ?” ಎಂದೆ. “ಇಲ್ಲಡಾ, ನಿನ್ನ ಕಾಯೋಕೆ!”

ಬೆಳಗ್ಗೆ ಮಗಳು ಹಾಸಿಗೆಯಿಂದ ಬಚ್ಚಲಿಗೆ ನಾಲ್ಕೇ ಹೆಜ್ಜೆ ಇಟ್ಟಳು. ಬಾಟಲಿಯಲ್ಲಿದ್ದುದರಲ್ಲಿ ಅರ್ಧವನ್ನು ಲ್ಯಾಬಿಗೆ ತೆಗೆದಿಟ್ಟು, ಉಳಿದರ್ಧವನ್ನು ಅತ್ತೆ ಕಾಯಿಸಿದರು. ಕಿಟಕಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಇನ್ನೊಮ್ಮೆ ನೋಡಿದರು.

“ಮಂಜಾಗೈತೆ ಕಣ್ಲಾ,” ಎಂದರು, ಮೆಲ್ಲಗೆ.

ಅವರ ಕೈಯಿಂದ ಕೊಳವೆ ಇಸಿದುಕೊಂಡೆ. ಅದರ ಆಚೆ ಕಿಟಕಿಯ ಸರಳು, ಸರಳಿನ ಆಚೆ ಪಡುವಣ ಬೆಟ್ಟ, ಎಲ್ಲ ಕಾಣುತ್ತಿತ್ತು.

“ಅತ್ತೆ! ನೀರಿದ್ದಂಗೆ ಐತೆ! ಒಂಚೂರೂ ಮಂಜಿಲ್ಲ!”

ಆಮೇಲೆ ಲ್ಯಾಬಿನವರೂ ಹಾಗೇ ಹೇಳಿದರೆನ್ನಿ. ಆದರೆ ಆ ಕ್ಷಣ ನಾನು ತಿರುಗಿ ನೋಡಿದಾಗ ಅತ್ತೆ ಕನ್ನಡಕ ತೆಗೆದು, ಗೋಡೆಯ ಕಡೆ ಮುಖ ಮಾಡಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಮನುಷ್ಯರ ಮೈಯಿಂದ ಬಂದ ನೀರನ್ನು ನಮ್ಮ ಅತ್ತೆ ಪರೀಕ್ಷೆ ಮಾಡದೆ ಒರೆಸಿಹಾಕಿದ್ದು ಅದೊಂದೇ ಸಲ.