ಬಾನೆಟ್ಟಿನೊಳಗಿನ ಹೊಗೆಸೊಪ್ಪು

ಇಲಿ ಓಡಿಸುವುದು ಒಂದು ದೊಡ್ಡ ವಿದ್ಯೆಯೇ? ಸ್ವಲ್ಪ ಬುದ್ಧಿ ಇದ್ದರೆ ಸಾಕು, ಅದು ನನ್ನ ಹತ್ತಿರ ಧಾರಾಳವಾಗಿದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನನ್ನ ಕಾರಿನ ದೀಪಗಳೂ ಉರಿಯುತ್ತಿದ್ದವು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮೂರು. ನಮ್ಮ ಯಜಮಾನರು ರೇಷ್ಮೆ ಹುಳು ಸಾಕುತ್ತಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ, ಹಳೆಯದೊಂದು ಬಿಳಿ ಕಾರು ಕೊಂಡು, ಓಡಿಸಲು ಕಲಿತು, ಊರಿನಲ್ಲಿ ಸ್ಟೇರಿಂಗ್ ಹಿಡಿದ ಪ್ರಥಮ ಸೊಸೆ ಎಂಬ ಬಿರುದನ್ನು ನನಗೆ ನಾನೇ ದಯಪಾಲಿಸಿಕೊಂಡಿದ್ದೆ. ಕಾರು ನಿಲ್ಲುತ್ತಿದ್ದುದು ಹುಳುಮನೆಯ ಪಕ್ಕದಲ್ಲಿ, ಶೀಟು ಹೊದಿಸಿದ ಚಪ್ಪರದ ಕೆಳಗೆ.

ಮೊದಲ ತಪ್ಪು ಬೆಕ್ಕಿನ ವಿಷಯದಲ್ಲಿ ಆಯಿತು. ಪಕ್ಕದ ಮನೆಯ ಮುನಿರತ್ನಕ್ಕನ ಬೆಕ್ಕಿಗೆ ಬಿಸಿ ಬಾನೆಟ್ಟೆಂದರೆ ಪ್ರಾಣ. ನಾನು ಸಂಜೆ ಬಂದು ಕಾರು ನಿಲ್ಲಿಸಿದ ಕೂಡಲೇ ಹತ್ತಿ ಮಲಗುತ್ತಿತ್ತು. ಬೆಳಗ್ಗೆ ನೋಡಿದರೆ ಬಿಳಿ ಬಣ್ಣದ ಮೇಲೆ ಕೆಮ್ಮಣ್ಣಿನ ಹೆಜ್ಜೆ!

"ಅಕ್ಕಾ, ನಿಮ್ಮ ಬೆಕ್ಕನ್ನ ಮನೇಲಿಟ್ಕೊಳ್ಳಿ. ಪೇಂಟು ಹಾಳಾಗ್ತೈತೆ" ಎಂದು ಬೇಲಿಯ ಈಚೆಯಿಂದಲೇ ಆಜ್ಞೆ ಹೊರಡಿಸಿದೆ.

"ಆಯ್ತು ಬಿಡಮ್ಮಾ. ನಿನ್ ಕಾರು ನಿನಗೆ, ನಮ್ ಬೆಕ್ಕು ನಮಗೆ" ಎಂದು ಮುನಿರತ್ನಕ್ಕ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೆ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಬಾನೆಟ್ಟು ಮಾತ್ರ ಫಳಫಳ ಹೊಳೆಯಿತು.

ವಾರ ಕಳೆಯುವುದರೊಳಗೆ ಕಾರಿನ ದೀಪ ಹೋಯಿತು, ಹಾರನ್ ಹೋಯಿತು. ಶಿಡ್ಲಘಟ್ಟದ ಮೆಕ್ಯಾನಿಕ್ ಬಾನೆಟ್ಟು ಎತ್ತಿ, ಒಳಗಿನಿಂದ ಒಣಗಿದ ಹಿಪ್ಪುನೇರಳೆ ಸೊಪ್ಪು, ಗೋಣಿದಾರ, ಹತ್ತಿ ಎಲ್ಲವನ್ನೂ ಹೊರಗೆಳೆದ. "ಇಲಿ ವೈರು ಕಡಿದೈತೆ ಮೇಡಂ. ಒಳಗೆ ಸಂಸಾರಾನೇ ಹೂಡೈತೆ" ಎಂದ. ಬೆಕ್ಕಿನ ಸುದ್ದಿಯನ್ನು ನಾನು ಎತ್ತಲಿಲ್ಲ.

ಇಲಿಗೆ ಖಾರ ಆಗುವುದಿಲ್ಲ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಮನೆಯಲ್ಲಿದ್ದ ಗುಂಟೂರು ಮೆಣಸಿನಕಾಯಿ ಪುಡಿಯನ್ನು ಎಂಜಿನ್ನಿನ ಸುತ್ತ ಭಕ್ತಿಯಿಂದ ಉದುರಿಸಿದೆ. ಮಾರನೆಯ ದಿನ ಯಜಮಾನರನ್ನು ಕೂರಿಸಿಕೊಂಡು ಹೊರಟು, ಸೆಕೆ ಎಂದು ಏಸಿ ಹಾಕಿದೆ. ಬಾನೆಟ್ಟಿನ ಖಾರವೆಲ್ಲ ನಮ್ಮ ಮುಖಕ್ಕೇ ಬಂತು! ಬಸ್‌ಸ್ಟ್ಯಾಂಡಿನ ಮುಂದೆ ಕಾರು ನಿಲ್ಲಿಸಿ ಇಬ್ಬರೂ ಮೂಗು ಒರೆಸಿಕೊಂಡು, ಕಣ್ಣೀರು ಸುರಿಸುತ್ತ ನಿಂತೆವು. ಪರಿಚಯದವರೊಬ್ಬರು ಹತ್ತಿರ ಬಂದು, "ಯಾರು ಹೋಗ್ಬಿಟ್ರಮ್ಮಾ? ಏನ್ಮಾಡೋದು, ಧೈರ್ಯ ತಂದ್ಕೊಳ್ಳಿ" ಎಂದು ಸಮಾಧಾನ ಹೇಳಿದರು.

ಈ ದುರಂತದಿಂದ ನಾನು ಒಂದು ಪಾಠ ಕಲಿತೆ. ಪುಡಿ ಹಾರುತ್ತದೆ, ಎಲೆ ಹಾರುವುದಿಲ್ಲ! ಆದ್ದರಿಂದ ಘಾಟು ಇರುವ ಎಲೆಯೇ ಆಗಬೇಕು. ಅಂಥ ಎಲೆ ನಮ್ಮ ಮನೆಯಲ್ಲಿ ಒಬ್ಬರ ಹತ್ತಿರ ಮಾತ್ರ ಇತ್ತು. ನಮ್ಮ ಮಾವನವರ ಹತ್ತಿರ.

ಮಾವ ಹೊಗೆಸೊಪ್ಪು ಹಾಕುತ್ತಾರೆ. ಹೊಗೆಸೊಪ್ಪಿನ ಗಾಳಿ ರೇಷ್ಮೆ ಹುಳುವಿಗೆ ವಿಷ. ಆ ಘಾಟು ತಾಕಿದ ಸೊಪ್ಪು ತಿಂದರೆ ಹುಳು ತಲೆ ಎತ್ತಿ ಒದ್ದಾಡಿ ಸಾಯುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ಯಾರೂ ಮರೆಯಬಾರದೆಂದು ಹುಳುಮನೆ ಬಾಗಿಲಿಗೆ ನಾನೇ ಒಂದು ಬೋರ್ಡು ಬರೆದು ಹಾಕಿದ್ದೆ: 'ಹೊಗೆಸೊಪ್ಪು ಹಾಕುವವರಿಗೆ ಪ್ರವೇಶವಿಲ್ಲ.' ತಾವೇ ಕಟ್ಟಿಸಿದ ಹುಳುಮನೆಯಿಂದ ಹೀಗೆ ಗಡೀಪಾರಾದ ಮಾವ ಅಂದಿನಿಂದ ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕೂತಿದ್ದರು.

"ಮಾವ, ಒಂದಿಷ್ಟು ಹೊಗೆಸೊಪ್ಪು ಕೊಡಿ" ಎಂದೆ.

"ಏಮ್ಮಾ ಗಿರಿಜಮ್ಮಾ, ನಿನಗ್ಯಾವಾಗ ಹತ್ಕೊಂತು ಈ ಚಟ?"

"ನನಗಲ್ಲ ಮಾವ, ಕಾರಿಗೆ."

ಅವರು ಕಾರಿನ ಕಡೆ ಒಮ್ಮೆ ನೋಡಿ, ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು. ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ಟಿನೊಳಗೆ ಅಲ್ಲಲ್ಲಿ ಸಿಕ್ಕಿಸಿದೆ. ಬಾನೆಟ್ಟು ಮುಚ್ಚಿದರೆ ಪಕ್ಕದ ಹುಳುಮನೆಗೆ ಘಾಟು ಹೋಗದು ಎಂದು ಲೆಕ್ಕ ಹಾಕಿದ್ದೆ. ಇಲಿ ಬರಲಿಲ್ಲ! ಒಂದೆರಡು ದಿನ ಕಾರಿನಲ್ಲಿ ಕೂತರೆ ತಲೆ ಸುತ್ತಿತು, ಆಮೇಲೆ ಮೂಗಿಗೆ ಅಭ್ಯಾಸವಾಯಿತು. ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ನನ್ನ ವಿಧಾನವನ್ನು ವಿವರಿಸಿದೆ.

ಅಷ್ಟರಲ್ಲಿ ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಬಂದಿತ್ತು. ಹುಳು ಮೇವು ಬಿಟ್ಟು ಮಲಗಿ, ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಹಿಂದಿನ ಬೆಳೆ ಪೂರ್ತಿ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಈ ಬೆಳೆಯೂ ಕೈಬಿಟ್ಟರೆ ಹುಳು ಸಾಕುವುದನ್ನೇ ನಿಲ್ಲಿಸುತ್ತೇನೆ ಎಂದು ಯಜಮಾನರು ಒಮ್ಮೆ ಊಟದ ಮಧ್ಯೆ ಮೆಲ್ಲಗೆ ಹೇಳಿದ್ದರು.

ಹುಳು ಎದ್ದ ದಿನವೇ ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆ ಬಂತು. ಕೈವಾರದ ಹತ್ತಿರ ಯಜಮಾನರ ಗೆಳೆಯರ ತೋಟದಲ್ಲಿ ಸೊಪ್ಪಿತ್ತು, ಆದರೆ ತರಬೇಕಾದ ಟೆಂಪೋದವನು ಮದುವೆ ಬಾಡಿಗೆಗೆ ಹೋಗಿದ್ದ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು.

"ನನ್ನ ಕಾರಿರೋದು ಯಾತಕ್ಕೆ?" ಎಂದು ಎದ್ದೆ.

"ಬಿಸಿಲು ಜೋರಾಗೈತೆ. ಸೊಪ್ಪು ಬಾಡದಂಗೆ ತರ್ತೀಯಾ?"

"ಏಸಿಯಲ್ಲಿ ತರ್ತೀನಿ ಕಣ್ರೀ!"

ತಂದೆ. ಹಿಂದಿನ ಸೀಟು ಮಡಚಿ ಸೊಪ್ಪಿನ ಹೊರೆ ತುಂಬಿ, ಒದ್ದೆ ಗೋಣಿ ಹೊದಿಸಿ, ಗಾಜು ಮುಚ್ಚಿ, ಏಸಿಯನ್ನು ಪೂರ್ತಿ ತಿರುಗಿಸಿ, ರಾಜಮರ್ಯಾದೆಯಿಂದ ಕರೆತಂದೆ. ಒಂದೆಲೆಯೂ ಬಾಡಿರಲಿಲ್ಲ. ಯಜಮಾನರು ನಗುನಗುತ್ತ ಬಂದು ಹಿಂದಿನ ಬಾಗಿಲು ತೆಗೆದವರು ತಟ್ಟನೆ ಹಿಂದೆ ಸರಿದರು.

"ಏನೇ ಇದು? ದಾರೀಲಿ ಬೀಡಿ ಸೇದಿದ್ಯಾ?"

ಬೇವಿನ ಮರದ ಕೆಳಗಿನಿಂದ ಮಾವ ಮೂಗು ಎತ್ತಿದರು. "ಯಾರೋ ನನ್ ಹೊಗೆಸೊಪ್ಪಿನ ಚೀಲ ಬಿಚ್ಚವ್ರೆ!"

ಬಾನೆಟ್ಟಿನೊಳಗಿನ ಗಂಟುಗಳು ನನಗೆ ಆಗ ನೆನಪಾದವು. ಎಲೆ ಹಾರುವುದಿಲ್ಲ, ನಿಜ. ಆದರೆ ಅದರ ಘಾಟು ಹಾರುತ್ತದೆ. ಕೈವಾರದಿಂದ ನಮ್ಮೂರಿನವರೆಗೆ ಅಷ್ಟು ಸೊಪ್ಪಿಗೂ ನಾನು ಹೊಗೆಸೊಪ್ಪಿನ ಗಾಳಿಯನ್ನು ತಣ್ಣಗೆ ಬೀಸಿಕೊಂಡು ಬಂದಿದ್ದೆ!

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹುಳುಮನೆ ಕಡೆ ತಿರುಗಿ ನಿಂತರು. ಒಳಗೆ ಹುಳುಗಳೆಲ್ಲ ತಲೆ ಎತ್ತಿ ಮೇವಿಗೆ ಕಾಯುತ್ತಿದ್ದವು. ನನಗೆ ಅಳು ಬಂತು. ಈ ಸಲ ಖಾರದ ಪುಡಿ ಇರಲಿಲ್ಲ.

ಹತ್ತಿರದಲ್ಲಿ ಸೊಪ್ಪು ಇದ್ದುದು ಒಂದೇ ತೋಟದಲ್ಲಿ. ಮುನಿರತ್ನಕ್ಕ ಸಾಕಿದ ಹುಳುಗಳು ಆಗಲೇ ಹಣ್ಣಾಗಿ ಮೇವು ಬಿಟ್ಟು, ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಏರಿ ಗೂಡು ಕಟ್ಟುತ್ತಿದ್ದವು. ಅವರ ತೋಟದ ಒಂದು ಮೂಲೆಯಲ್ಲಿ ಕೊಯ್ಯದ ಸೊಪ್ಪು ಉಳಿದಿತ್ತು. ಬೇಲಿಯ ಈಚೆಯಿಂದ ಆಜ್ಞೆ ಹೊರಡಿಸಿದ್ದ ನಾನು ಬೇಲಿ ಸುತ್ತಿಕೊಂಡು, ಅವರ ಬಾಗಿಲಿಗೆ ಹೋಗಿ ನಿಂತೆ.

"ಅಕ್ಕಾ..." ಎಂದೆ. ಇಲಿಯಿಂದ ಹಿಡಿದು ಸೊಪ್ಪಿನವರೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಕಾಲ ಬಳಿಯಿಂದ ಬೆಕ್ಕು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಕುಡುಗೋಲು ಹುಡುಕುತ್ತ, "ಹುಳ ಹಸ್ಕೊಂಡಿರ್ಬಾರ್ದು. ನಡಿ, ಕೊಯ್ಯಣ. ಆದ್ರೆ ಮೊದ್ಲು ಹೋಗಿ ಸ್ನಾನ ಮಾಡ್ಕೊಂಡು ಬಾ, ನಾತ ಹೊಡೀತಿದ್ದೀಯ. ಹೋಗೋವಾಗ ಬೆಕ್ಕನ್ನೂ ಕರ್ಕೊಂಡು ಹೋಗು" ಎಂದರು.

ಸ್ನಾನ ಮಾಡಿ ಓಡಿದೆ. ಅಕ್ಕ, ಯಜಮಾನರು, ನಾನು ಮೂವರೂ ಸೇರಿ ಕೊಯ್ದೆವು. ಹುಳುಮನೆಯಲ್ಲಿ ಮೇವು ಬಿದ್ದ ಮೇಲೆ ಹುಳು ತಿನ್ನುವ ಆ ಸರಸರ ಸದ್ದು ಶುರುವಾಯಿತಲ್ಲ, ಅಂಥ ಸಂಗೀತವನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಯಜಮಾನರು ನನ್ನ ಮುಖ ನೋಡಿ, ಕಾರಿನ ಬಾಗಿಲು ತೆಗೆದ ಮೇಲೆ ಮೊದಲ ಸಲ ನಕ್ಕರು. ಉಳಿದ ದಿನಗಳಿಗೆ ಟೆಂಪೋದವನು ಸಿಕ್ಕಿದ.

ಬೆಳೆ ಗೆದ್ದಿತು. ಚಂದ್ರಿಕೆಗಳ ತುಂಬ ಗಟ್ಟಿ ಗೂಡು. ಮುಂದಿನ ಬೆಳೆಗೆ ಮೊಟ್ಟೆ ತರುವ ಮಾತನ್ನು ಯಜಮಾನರೇ ಎತ್ತಿದರು.

ಈಗ ಇಲಿ ಕಾಟವಿಲ್ಲ. ಬಾನೆಟ್ಟಿನ ಮೇಲೆ ಬೆಕ್ಕಿಗಾಗಿ ನಾನೇ ಗೋಣಿ ಹಾಸಿಕೊಡುತ್ತೇನೆ. ಹೊಗೆಸೊಪ್ಪಿನ ಗಂಟುಗಳನ್ನು ಮಾವನಿಗೆ ಹಿಂದಿರುಗಿಸಿದ್ದೇನೆ. ಆದರೆ ಎಷ್ಟು ತೊಳೆದರೂ ಕಾರಿನ ಘಾಟು ಪೂರ್ತಿ ಹೋಗಿಲ್ಲ. ಹುಳುಮನೆ ಬೋರ್ಡಿನಲ್ಲಿ ನನ್ನ ಮುದ್ದಾದ ಅಕ್ಷರಗಳ ಕೆಳಗೆ ಯಜಮಾನರು ಸುಣ್ಣದಲ್ಲಿ 'ಕಾರಿಗೂ, ಕಾರಿನಿಂದ ಇಳಿದವರಿಗೂ' ಎಂದು ಸೇರಿಸಿದ್ದಾರೆ. ಕಾರು ಚಪ್ಪರದಿಂದ ಬೇವಿನ ಮರದ ಕೆಳಗೆ ವರ್ಗವಾಗಿದೆ.

ಮೊನ್ನೆ ಸಂಜೆ ಕಚೇರಿಯಿಂದ ಬಂದು, ಸ್ನಾನದ ನೀರು ಕಾಯುವವರೆಗೆ ಎಲ್ಲಿ ನಿಲ್ಲುವುದೆಂದು ತಿಳಿಯದೆ ಮರದ ಕೆಳಗೇ ನಿಂತಿದ್ದೆ. ಮಾವ ಮಂಚದ ಮೇಲೆ ಒಂದು ಪಕ್ಕಕ್ಕೆ ಸರಿದರು.

"ಬಾಮ್ಮಾ, ಕೂತ್ಕೋ. ಬೋರ್ಡು ಬರ್ದೋರಿಗೆ ಇಲ್ಲಿ ಮೊದಲ ಮರ್ಯಾದೆ."

ಕೂತುಕೊಂಡೆ.