ಪಾರ್ಟ್ ಬೆಂಗಳೂರಿಂದ ಬರಬೇಕು

ನಮ್ಮ ಜಿಲ್ಲಾ ಕೇಂದ್ರದಲ್ಲೂ ಒಂದು ಗಾಂಧಿ ಬಜಾರಿದೆ, ಅದರ ಒಂದು ಸಂದಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಕೆಟ್ಟಿದ್ದನ್ನು ಸರಿ ಮಾಡುವುದು ನನ್ನ ಕಸುಬು. ಆದರೆ ಈಗೀಗ ಬರುವವರಲ್ಲಿ ಅರ್ಧ ಜನ, ಸರಿ ಇರುವುದನ್ನು ಕೆಡಿಸಿಕೊಡಿ ಎಂದು ಕೇಳುವವರು. ಅವರೆಲ್ಲ ಮಕ್ಕಳ ಕೈಯಿಂದ ಫೋನು ಬಿಡಿಸಲಾಗದೆ ಸೋತ ತಂದೆತಾಯಿಗಳು. ಹಾಗಾಗಿ ನಗುವಂಥದ್ದು ಇಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ, ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಗು ಬಾರದ್ದು ಒಂದೇ ಒಂದಿತ್ತು, ಅದು ನಾನು ದಿನಾ ಬಸ್ಸಿನಲ್ಲಿ ಹೋಗಿಬರುವ ಭದ್ರಾವತಿಯ ನನ್ನ ಮನೆಯಲ್ಲೇ ಇತ್ತು. ಮಗಳು ಏಳನೇ ಕ್ಲಾಸು. ಹೋಂವರ್ಕಿಗೆ ಇರಲಿ ಎಂದು ನಾನೇ ಕೊಟ್ಟ ಹಳೇ ಫೋನು ಅವಳ ಕೈಗೆ ಅಂಟಿಕೊಂಡುಬಿಟ್ಟಿತು. ನಿದ್ದೆ ಕಡಿಮೆಯಾಯಿತು, ಸಿಟ್ಟು ಜಾಸ್ತಿಯಾಯಿತು. ಹಾಕಿದ ಫೋಟೊಗೆ ಗೆಳತಿಯರು ಹಾರ್ಟ್ ಒತ್ತದಿದ್ದರೆ ಅನ್ನ ಬಿಟ್ಟು ಏಳುತ್ತಿದ್ದಳು. ನಾನು ಮನೆಗೆ ಬಂದ ತಕ್ಷಣ ಬಾಗಿಲಿಗೇ ಓಡಿಬಂದು ಶಾಲೆಯ ಚಾಡಿಯೆಲ್ಲ ಹೇಳುತ್ತಿದ್ದ ಹುಡುಗಿ, ಈಗ ತಲೆ ಎತ್ತದೆ ‘ಹೂಂ’ ಅನ್ನುತ್ತಿದ್ದಳು. ಆ ಚಾಡಿ ಮಾತುಗಳಿಲ್ಲದೆ ನನಗೆ ಮನೆ ಮನೆಯಂತೆ ಅನ್ನಿಸುತ್ತಿರಲಿಲ್ಲ.

“ಊರವರ ಮಕ್ಕಳ ಫೋನೆಲ್ಲ ಕೆಡಿಸ್ತೀರಿ, ನಮ್ಮನೇದೊಂದು ಕೆಡ್ಸಕ್ಕೆ ಕೈ ಬರಲ್ವಾ?” ಎಂದು ಹೆಂಡತಿ ದಿನಾ ಕೇಳುತ್ತಿದ್ದಳು. ನಾನು ಫೋನಿನಿಂದ ಕಣ್ಣು ಕೀಳದೆ “ನೋಡೋಣ” ಅನ್ನುತ್ತಿದ್ದೆ. ನಾನು ನೋಡುವುದು ರಿಪೇರಿ ವಿಡಿಯೊ, ಅದು ಕಸುಬಿಗೆ ಬೇಕಾದ್ದು. ಮಧ್ಯೆ ಮಧ್ಯೆ ಬಿರಿಯಾನಿ ಮಾಡುವ ವಿಡಿಯೊ, ನಾಯಿಗೆ ಸ್ನಾನ ಮಾಡಿಸುವ ವಿಡಿಯೊ ಬಂದರೆ ಅದಕ್ಕೆ ನಾನು ಹೊಣೆಯಲ್ಲ. ಅಲ್ಲದೆ ಮಗಳನ್ನು ಏಮಾರಿಸುವುದು ಸುಲಭವೂ ಅಲ್ಲ. ರಜೆ ಬಂದರೆ ನನ್ನ ಅಂಗಡಿಯಲ್ಲೇ ಕೂತು ಬೆಳೆದವಳು, ನನ್ನ ಆಟವೆಲ್ಲ ಅವಳಿಗೆ ಗೊತ್ತು. ಆ ಆಟ ಏನೆಂದು ಮೊದಲು ಹೇಳಿಬಿಡುತ್ತೇನೆ.

ಸುಳ್ಳು ಬಾರದ ಟೀಚರು

ಮೊದಲು ಬಂದವರು ರಾಗಿಗುಡ್ಡದ ಕಡೆಯ ಒಬ್ಬ ಸಂಸ್ಕೃತ ಟೀಚರು. ಹೊಚ್ಚ ಹೊಸ ಫೋನೊಂದನ್ನು ಟೇಬಲ್ ಮೇಲಿಟ್ಟು, ಹಿಂದೆ ಮುಂದೆ ನೋಡಿ, “ಇದನ್ನ ಸ್ವಲ್ಪ ಕೆಡಿಸಿಕೊಡ್ತೀರಾ?” ಎಂದರು.

“ಮೇಡಂ, ಇದು ಚೆನ್ನಾಗೇ ಇದೆಯಲ್ಲ!”

“ಅದೇ ತೊಂದರೆ. ಮಗನ ಪರೀಕ್ಷೆ ಮುಗಿಯೋ ತನಕ ಕೆಟ್ಟಿರಲಿ ಸಾಕು. ಫೋನ್ ಕಿತ್ಕೊಂಡ್ರೆ ಗೋಡೆಗೆ ತಲೆ ಚಚ್ಕೋತಾನೆ. ತಾನಾಗೇ ಕೆಟ್ರೆ ಯಾರ ಮೇಲೆ ಸಿಟ್ಟು ಮಾಡ್ತಾನೆ?”

“ಮನೇಲೇ ಎಲ್ಲಾದ್ರೂ ಬಚ್ಚಿಟ್ಟು, ಕಳೆದುಹೋಯ್ತು ಅಂದ್ಬಿಡಿ.”

“ನಂಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ” ಎಂದರು ಟೀಚರು.

ಇಂಥ ಹೊಗಳಿಕೆ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಫೋನು ಬಿಚ್ಚಿ, ಪರದೆಗೆ ಕರೆಂಟು ಒಯ್ಯುವ ಡಿಸ್‌ಪ್ಲೇ ಸ್ಟ್ರಿಪ್ ಕಳಚಿಟ್ಟೆ. ಸಂಜೆ ಹುಡುಗ ಓಡಿಬಂದ. ನಾನು ಗಂಭೀರವಾಗಿ, “ಪಾರ್ಟ್ ಬೆಂಗಳೂರಿಂದ ಬರ್ಬೇಕು” ಎಂದೆ.

ಅವನು ದಿನಾ ಶಾಲೆ ಬಿಟ್ಟ ಕೂಡಲೇ ಹಾಜರು. ಬಸ್ಸಲ್ಲಿ ಬರುತ್ತಾ, ಟ್ರೈನಲ್ಲಿ ಬರುತ್ತಾ ಎಂದು ವಿಚಾರಣೆ. ಕೊನೆಗೊಂದು ದಿನ ಮುಖ ಅರಳಿಸಿಕೊಂಡು ಬಂದು, “ಅಂಕಲ್, ನಮ್ಮ ಮಾಮ ನಾಳೆ ಬೆಂಗಳೂರಿಂದ ಬರ್ತಿದ್ದಾರೆ. ಅಂಗಡಿ ಹೆಸರು ಹೇಳಿ, ಅವರೇ ತರ್ತಾರೆ” ಎಂದ. ನಾನು ಬೆವರು ಒರೆಸಿಕೊಂಡು, “ಬೆಂಗಳೂರಿಗೆ ಅದು ಚೀನಾದಿಂದ ಬರ್ಬೇಕಪ್ಪ” ಎಂದೆ. ಚೀನಾದಲ್ಲಿ ಅವನಿಗೆ ಮಾಮ ಇರಲಿಲ್ಲ, ಬಚಾವಾದೆ.

ಒಂದು ವಾರದಲ್ಲಿ ಟೀಚರೇ ಮತ್ತೆ ಬಂದರು. ಕಣ್ಣು ಕೆಳಗೆ ಕಪ್ಪಾಗಿತ್ತು. “ಹುಡುಗ ಹೇಗಿದ್ದಾನೆ ಮೇಡಂ?” ಎಂದೆ.

“ತುಂಬ ಚೆನ್ನಾಗಿದ್ದಾನೆ. ನಿದ್ದೆ ಮಾಡ್ತಾನೆ, ಓದ್ತಾನೆ, ನಗ್ತಾನೆ. ನನ್ನ ಹಿಂದೆ ಹಿಂದೇನೇ ಓಡಾಡ್ಕೊಂಡು ಬೆಳಗಿಂದ ಸಂಜೆ ತನಕ ಮಾತಾಡ್ತಾನೆ” ಎಂದವರು ದನಿ ತಗ್ಗಿಸಿ ಕೇಳಿದರು: “ಭಾನುವಾರ ಒಂದು ದಿನ ಮಾತ್ರ ರಿಪೇರಿ ಮಾಡಿ ಕೊಡಕ್ಕಾಗುತ್ತಾ?”

ಸಂದಿಯ ಒಪ್ಪಂದ

ಟೀಚರು ಸ್ಟಾಫ್ ರೂಮಿನಲ್ಲಿ ಏನು ಹೇಳಿದರೋ, ಒಬ್ಬರ ಹಿಂದೆ ಒಬ್ಬರು ಅಮ್ಮಂದಿರು ಬರತೊಡಗಿದರು. ಆಗ ಒಂದು ಎಡವಟ್ಟಾಯಿತು. ನಾನು ಆಗಲ್ಲ ಎಂದ ಫೋನನ್ನು ಒಬ್ಬ ಹುಡುಗಿ ಎದುರಂಗಡಿಗೆ ಒಯ್ದಳು. ಎದುರಂಗಡಿಯ ಭಾಯ್ ನನಗಿಂತ ಹಿರಿಯರು. ಅವರ ಹತ್ತಿರ ಮೈಕ್ರೊಸ್ಕೋಪ್ ಇದೆ. ಎಳ್ಳಿಗಿಂತ ಸಣ್ಣ ಬಿಡಿಭಾಗ ಕಿತ್ತು ಕೂರಿಸುವ ಕೆಲಸ ಇಡೀ ಸಂದಿಗೆ ಅವರೊಬ್ಬರದೇ, ನಮಗೆ ಬಂದ ಫೋನುಗಳ ಒಳಗಿನ ಬೋರ್ಡ್ ಕೆಲಸವೂ ಅವರಲ್ಲಿಗೇ ಹೋಗುತ್ತದೆ. ಇಷ್ಟು ದೊಡ್ಡ ಕೆಲಸಗಾರ ಕಳಚಿದ ಸ್ಟ್ರಿಪ್ ನೋಡಿ, ಪಟಕ್ಕನೆ ಕೂರಿಸಿ, “ಮುಫತ್, ಹೋಗಮ್ಮ” ಎಂದುಬಿಟ್ಟರು. ಅರ್ಧ ಗಂಟೆಗೆ ಆ ಹುಡುಗಿಯ ಅಮ್ಮ ಬಂದು ನಮ್ಮಿಬ್ಬರಿಗೂ ಮಂಗಳಾರತಿ ಎತ್ತಿದರು.

ಅವತ್ತೇ ಟೀ ಕುಡಿಯುತ್ತಾ ಸಂದಿಯ ರಿಪೇರಿಯವರೆಲ್ಲ ಒಂದು ಒಪ್ಪಂದಕ್ಕೆ ಬಂದೆವು. ಯಾರಾದರೂ ಒಬ್ಬರು ‘ಪಾರ್ಟ್ ಬೆಂಗಳೂರಿಂದ ಬರಬೇಕು’ ಎಂದರೆ, ಅದು ಮನೆಯವರು ಹೇಳಿ ಕೆಡಿಸಿದ್ದು ಎಂದರ್ಥ. ಬೇರೆ ಯಾರೂ ಅದನ್ನು ಮುಟ್ಟಬಾರದು, ಅದೇ ಮಾತು ಹೇಳಿ ಕಳಿಸಬೇಕು. ಕೆಡಿಸಲು ಹೇಳಿದವರು ಯಾರೆಂದು ಬಾಯಿ ಬಿಡಬಾರದು ಎಂಬ ಎರಡನೇ ನಿಯಮ ನಾನೇ ಸೇರಿಸಿದ್ದು.

ಮುಂದಿನ ವಾರವೇ ಒಬ್ಬ ಪುಟ್ಟ ಪೋರಿ ಅಂಗಡಿಯಿಂದ ಅಂಗಡಿಗೆ ಹತ್ತಿಳಿದಳು. ಎಲ್ಲರ ಬಾಯಲ್ಲೂ ಒಂದೇ ಮಾತು. ಕೊನೆಗೆ ಸಂದಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೂಗಿದಳು: “ಎಲ್ಲರಿಗೂ ಅದೇ ಪಾರ್ಟ್ ಬೇಕಾದ್ರೆ ಒಟ್ಟಿಗೇ ಒಂದು ಲಾರಿ ತರಿಸಕ್ಕೇನು ರೋಗ ನಿಮ್ಗೆ?”

ಸ್ಕ್ರೂಡ್ರೈವರ್ ಊಟ

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಮಿಳು ಅಜ್ಜಿ ಇದ್ದಾರೆ. ಗಂಡ ಕಾರ್ಖಾನೆ ಕೆಲಸಕ್ಕೆ ಬಂದ ಕಾಲದಿಂದ ಇಲ್ಲೇ ಇರುವವರು. ಒಂದು ಭಾನುವಾರ ಬಗಲಲ್ಲಿ ಮೂರು ವರ್ಷದ ಮೊಮ್ಮಗ, ಕೈಯಲ್ಲಿ ಮೊಸರನ್ನದ ಬಟ್ಟಲು, ಸೊಂಟಕ್ಕೆ ಸಿಕ್ಕಿಸಿದ ಫೋನು ಸಮೇತ ನಮ್ಮ ಜಗಲಿಗೆ ಬಂದರು.

“ಅಯ್ಯೋ ಸಾಮಿ, ಫೋನು ಸತ್ತೋಯ್ತು. ಬೊಂಬೆ ಕಾಣದಿದ್ರೆ ಈ ಹುಡ್ಗ ಬಾಯೇ ತೆಗೆಯಲ್ಲ. ಅನ್ನ ಗಟ್ಟಿಯಾಗೋಗ್ತಾ ಇದೆ, ಬೇಗ ಮಾಡು!”

ಮನೆಯಲ್ಲಿದ್ದ ಸಾಮಾನು ತಂದು ಫೋನು ಬಿಚ್ಚಿದೆ. ಒಂದೊಂದೇ ಸ್ಕ್ರೂ ತೆಗೆದು ಮ್ಯಾಗ್ನೆಟ್ ಮೇಲಿಟ್ಟೆ. ಮಗು ಬಾಯಿ ಕಳೆದು ನೋಡುತ್ತಾ ಕೂತಿತು. ಅಜ್ಜಿ ಬಿಟ್ಟಾರೆಯೇ? ತೆರೆದ ಬಾಯಿಗೆ ತುತ್ತು ಹಾಕಿದ್ದೇ ಹಾಕಿದ್ದು. ನಾನು ಬ್ಯಾಟರಿ ಎತ್ತುವಷ್ಟರಲ್ಲಿ ಬಟ್ಟಲು ಖಾಲಿ. ಮಗುವಿಗೆ ಫೋನಿನ ಚಟ ಬಿಡಿಸಿದೆನಲ್ಲ ಎಂದು ನಾನು ಹೆಂಡತಿಯ ಮುಂದೆ ಬೀಗಿದೆ. ಮಾರನೇ ದಿನ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಜ್ಜಿ, ಮೊಮ್ಮಗ, ಬಟ್ಟಲು ಮೂವರೂ ಜಗಲಿಯ ಮೇಲೆ ಕಾದಿದ್ದರು.

“ಏನಜ್ಜಿ, ಮತ್ತೆ ಕೆಡ್ತಾ?”

“ಇಲ್ಲ ಸಾಮಿ, ಫೋನು ಚೆನ್ನಾಗೈತೆ. ಹುಡ್ಗಂಗೆ ಈಗ ಬೊಂಬೆ ಬೇಡ್ವಂತೆ, ನೀನೇ ಬೇಕಂತೆ. ಯಾವ್ದಾದ್ರೂ ಒಂದು ಬಿಚ್ಚು.”

ವೆಲ್ಡಿಂಗ್ ವೈದ್ಯ

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವ ಒಬ್ಬರಿಗೆ ನಮ್ಮ ಮೋಸದ ವಿದ್ಯೆ ಹಿಡಿಸಲಿಲ್ಲ. “ಮಗನಿಗೆ ಬುದ್ಧಿ ಕಲಿಸೋದು ಮುಖಾಮುಖಿ ಕಲಿಸ್ಬೇಕು ಸಾರ್” ಎಂದು ಬಸ್ಸಿನಲ್ಲಿ ನನಗೇ ಭಾಷಣ ಬಿಗಿದಿದ್ದರು. ಆ ಮಗ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಮನೆಯವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲವಂತೆ. ಅಪ್ಪ ಉಕ್ಕಿನ ತಗಡು ತಂದು ಒಂದು ಪೆಟ್ಟಿಗೆ ಮಾಡಿದರು. ಟೀವಿ ಸ್ಟ್ಯಾಂಡಿನ ಮೇಲೆ ಚಾರ್ಜಿಗೆ ಇಟ್ಟಿದ್ದ ಫೋನನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಬೀಗ ಹಾಕಿದರೆ ಒಡೆದಾನು ಎಂದು ಸುತ್ತ ಸಂದು ಬಿಟ್ಟು ಬಿಟ್ಟು ವೆಲ್ಡಿಂಗ್ ಹೊಡೆದೇಬಿಟ್ಟರು.

ಎರಡು ದಿನ ಬಿಟ್ಟು ಆ ಪೆಟ್ಟಿಗೆಯನ್ನೇ ಹೊತ್ತು ನನ್ನ ಅಂಗಡಿಗೆ ಬಂದರು. ಹಿಂದೆ ಮಗನೂ ಇದ್ದ, ಬಹಳ ವಿನಯದಿಂದ ನಿಂತಿದ್ದ.

“ಇದನ್ನ ಬಿಚ್ಚಿಕೊಡಿ.”

“ನಾನು ಫೋನ್ ಬಿಚ್ಚೋನು ಮಾರಾಯ್ರೆ, ತಿಜೋರಿ ಅಲ್ಲ. ನಿಮ್ಮ ವರ್ಕ್‌ಶಾಪಲ್ಲೇ ಗ್ರೈಂಡರ್ ಇದೆಯಲ್ಲ?”

“ಇದೆ. ಆದ್ರೆ ಅಲ್ಲಿ ಎಲ್ಲರೂ ನಗ್ತಾರೆ” ಎಂದು ಮುಖ ಕೆಳಗೆ ಹಾಕಿದರು. ನಗುವುದು ಯಾಕೆಂದು ನಾನು ಕೇಳುವಷ್ಟರಲ್ಲಿ ಪೆಟ್ಟಿಗೆಯೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮಗ ತನ್ನ ಜೇಬಿನಿಂದ ತನ್ನ ಫೋನು ತೆಗೆದು ನೋಡಿ, ಮೆತ್ತಗೆ ಹೇಳಿದ: “ಅಪ್ಪಾ, ನಿಮ್ಮ ಮೇಸ್ತ್ರಿ ಈಗ ನಂಗೂ ಮೆಸೇಜ್ ಹಾಕಿದ್ದಾರೆ. ಎರಡು ದಿನದಿಂದ ಯಾಕೆ ಫೋನ್ ಎತ್ತುತ್ತಿಲ್ಲ ಅಂತ ಕೇಳ್ತಿದ್ದಾರೆ.”

ನಮ್ಮನೆ ಪಾರ್ಟು

ಊರವರ ಕಥೆಗೆ ನಕ್ಕಿದ್ದು ಸಾಕು ಎನ್ನುವಂತೆ ಒಂದು ಶುಕ್ರವಾರ ಮಗಳ ಶಾಲೆಯಿಂದ ಕರೆ ಬಂತು. ಕ್ಲಾಸಿನಲ್ಲೇ ನಿದ್ದೆ ಹೋಗಿದ್ದಳಂತೆ. ಎಬ್ಬಿಸಿದರೆ ಕಾರಣವಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳಂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಗೊತ್ತಾದರೆ ಗೊತ್ತಾಗಲಿ, ಕೂಗಾಡಿದರೆ ಕೂಗಾಡಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಹೆಂಡತಿ ಅವಳನ್ನು ಬಸ್ಸು ಹತ್ತಿಸಿ ಅಂಗಡಿಗೆ ಕಳಿಸಿದಳು. ಫೋನು ಸ್ಲೋ ಆಗಿದೆ, ಅಪ್ಪ ನೋಡಲಿ ಎಂಬ ನೆಪ. ನಾನು ಬಿಚ್ಚಿದೆ, ಅವಳ ಕಣ್ಣು ತಪ್ಪಿಸಿ ಸ್ಟ್ರಿಪ್ ಕಳಚಿದೆ, ಹುಬ್ಬು ಗಂಟಿಕ್ಕಿದೆ, ನಿಟ್ಟುಸಿರು ಬಿಟ್ಟೆ.

“ಪುಟ್ಟಿ, ಇದಕ್ಕೆ ಪಾರ್ಟ್ ಬೆಂಗಳೂರಿಂದ ಬರ್ಬೇಕು.”

ಅವಳು ನನ್ನನ್ನು ನೋಡಿದಳು. ನಾನು ನೋಟ ತಪ್ಪಿಸಲು ನನ್ನ ಫೋನು ತೆಗೆದುಕೊಂಡು ಮೇಲೆ ಕೆಳಗೆ ಉಜ್ಜತೊಡಗಿದೆ. ಕೂಗಾಟ ಏನೂ ಬರಲಿಲ್ಲ.

“ಸರಿ ಅಪ್ಪ” ಎಂದಳು. ಎದ್ದು, ಫೋನು ಎತ್ತಿಕೊಂಡು, ಸಂದಿ ದಾಟಿ, ನೇರ ಭಾಯ್ ಅಂಗಡಿಗೆ ಹೋದಳು.

ಹೋಗಲಿ ಬಿಡು, ಒಪ್ಪಂದ ಇದೆಯಲ್ಲ ಎಂದು ನಾನು ಕಾಲು ಚಾಚಿ ಕೂತೆ. ಗಾಜಿನಾಚೆ ಅವಳು ಕೈ ಬಾಯಿ ತಿರುಗಿಸಿಕೊಂಡು ಏನೇನೋ ಹೇಳುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿ ಎಷ್ಟೋ ತಿಂಗಳಾಗಿತ್ತು. ಭಾಯ್ ಗಡ್ಡ ನೀವಿಕೊಂಡು ಕೇಳಿದರು, ತಲೆಯಾಡಿಸಿದರು. ಅವಳು ಕೆಟ್ಟ ಫೋನನ್ನೇ ಹಿಡಿದು ವಾಪಸ್ ಬಂದಳು. ಭಾಯ್ ಮಾತಿಗೆ ತಪ್ಪುವವರಲ್ಲ ಎಂದು ನನಗೆ ಅವರ ಮೇಲೆ ಅಭಿಮಾನ ಉಕ್ಕಿತು.

ಸ್ವಲ್ಪ ಹೊತ್ತಿಗೆ ಭಾಯ್ ಬಂದು, “ನಂದು ಚಾರ್ಜ್ ಖಾಲಿ ಮಾರಾಯ, ನಿನ್ನ ಫೋನ್ ಕೊಡು, ಒಂದು ಕಾಲ್ ಮಾಡ್ಬೇಕು” ಎಂದು ಒಯ್ದರು. ಬಾಗಿಲು ಹಾಕುವ ಹೊತ್ತಿಗೆ ತಂದುಕೊಟ್ಟು, “ನಿಂದೂ ಖಾಲಿ ಆಯ್ತು ನೋಡು” ಎಂದರು. ಮನೆಗೆ ಹೋಗಿ ಚಾರ್ಜಿಗೆ ಹಾಕಿದರೆ ಏಳಲೇ ಇಲ್ಲ.

“ಏನಾಯ್ತಪ್ಪಾ?” ಎಂದು ಮಗಳು ಬಹಳ ಕಾಳಜಿಯಿಂದ ಕೇಳಿದಳು.

ಮನೆಯಲ್ಲಿದ್ದ ಸಾಮಾನಿಗೆ ನನ್ನ ಫೋನು ಬಗ್ಗಲಿಲ್ಲ, ಭಾನುವಾರ ನನಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮನೆಯಲ್ಲಿ ಬಿದ್ದಿದ್ದ ಹಳೇ ಬಟನ್ ಫೋನನ್ನೇ ಉಜ್ಜಿ ಉಜ್ಜಿ ನೋಡಿದೆ. ಮಗಳು ಬೆಳಿಗ್ಗೆಯೆಲ್ಲ ಮುಖ ಊದಿಸಿಕೊಂಡು ಬಾಗಿಲಿಗೂ ಕಿಟಕಿಗೂ ತಿರುಗಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಲು ಇಬ್ಬರಿಗೂ ಏನೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಮೆಲ್ಲಗೆ ಗಣಿತದ ಮೇಷ್ಟ್ರ ಚಾಡಿ ಶುರು ಮಾಡಿದಳು. ನಾನು ಚಿಕ್ಕವನಿದ್ದಾಗಿನ ನಮ್ಮ ಗಣಿತದ ಮೇಷ್ಟ್ರನ್ನು ಎಳೆದು ತಂದೆ. ಕೈ ಒಣಗಿದರೂ ಇಬ್ಬರೂ ಏಳಲಿಲ್ಲ. ಆ ರಾತ್ರಿ ಅವಳು ಬೇಗ ಮಲಗಿದಳು. ಹೆಂಡತಿ ದೀಪ ಆರಿಸುತ್ತಾ, “ನಿಮ್ಮ ಫೋನ್ ಸತ್ತಿದ್ದು ಎಂಥ ಒಳ್ಳೇ ಮುಹೂರ್ತದಲ್ಲಿ!” ಎಂದಳು. ನನಗಾಗ ಏನೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಫೋನು ನಾನೇ ಬಿಚ್ಚಿದೆ. ಬ್ಯಾಟರಿ ಸರಿ, ಸ್ಟ್ರಿಪ್ ಸರಿ. ಅಂದರೆ ಬೋರ್ಡಿನದೇ ದೋಷ, ಭಾಯ್ ಹತ್ತಿರವೇ ಹೋಗಬೇಕು. ಹೋದೆ. ಅವರು ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು:

“ಪಾರ್ಟ್ ಬೆಂಗಳೂರಿಂದ ಬರ್ಬೇಕು.”

“ಹೌದಾ? ಎಷ್ಟು ದಿನ…” ಎಂದವನು ಅಲ್ಲಿಗೇ ನಿಂತೆ. ನನ್ನದೇ ಮಾತು ನನ್ನ ಕಿವಿಗೆ ಬಿದ್ದಿತ್ತು.

“ಭಾಯ್, ಯಾರು ಹೇಳಿದ್ದು ಇದನ್ನ ಕೆಡ್ಸಕ್ಕೆ?”

“ಹೇಳಬಾರ್ದು ಅಂತ ನಿಯಮ ಮಾಡಿದ್ದು ನೀನೇ” ಎಂದು ಭಾಯ್ ಕನ್ನಡಕ ಒರೆಸಿಕೊಂಡರು. “ಪಾಪ, ಅದು ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳ್ತು. ಮನೇಲಿ ಒಂದು ಮಾತಿಲ್ಲ, ಕರೆದ್ರೆ ಬರೀ ‘ಹೂಂ’ ಅಂತಾರೆ, ಊಟಕ್ಕೆ ಕೂತ್ರೂ ತಲೆ ಎತ್ತಲ್ಲ, ಕಿತ್ಕೊಂಡ್ರೆ ಸಿಟ್ಟು ಮಾಡ್ತಾರೆ, ಏನಾದ್ರೂ ಮಾಡಿ ಅಂಕಲ್ ಅಂತು. ನಂಗೆ ಮನಸ್ಸು ತಡೀಲಿಲ್ಲ.”

ನಾನು ಅಲ್ಲೇ ಇದ್ದ ಸ್ಟೂಲು ಎಳೆದು ಕೂತೆ. “ಸರಿ, ನನ್ನ ಪಾರ್ಟ್ ಯಾವಾಗ ಬರುತ್ತೆ ಅಂತನಾದ್ರೂ ಹೇಳಿ” ಎಂದೆ.

“ಅದೂ ಅವಳೇ ಹೇಳಿ ಹೋಗಿದ್ದಾಳೆ” ಎಂದರು ಭಾಯ್, ನನ್ನ ಫೋನನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸುತ್ತಾ. “ಅಪ್ಪಂದು, ಮಗಳದ್ದು ಎರಡೂ ಒಂದೇ ಲಾರೀಲಿ ಬರ್ಬೇಕಂತೆ.”